ಹನ್ನೊಂದನೇ ನಂಬರಿನ ಎಡಗೈ

ಕಾಲೇಜು ತೆರೆದ ದಿನ ಸುಂಕಮ್ಮ ಚೆಂಡು ವಾಪಸು ತಂದಳು.
ಏಪ್ರಿಲ್‌ನಲ್ಲಿ ಖುತೇಜಾ ಮೇಡಂ ಸಹಿ ಹಾಕಿಸಿಕೊಂಡು ಕೊಟ್ಟದ್ದು,
ಗುಳ್ಳೆಯೆಲ್ಲ ಸವೆದು
ಮುದುಕನ ನೆತ್ತಿಯಷ್ಟು ನುಣ್ಣಗಾದದ್ದು.
ಈಗ ಅದರ ಮೈತುಂಬ ನೀಲಿ ಬೆರಳಚ್ಚು.
ಒಂದರ ಮೇಲೆ ನನ್ನ ಬಲಗೈ ಇಟ್ಟು ನೋಡಿದೆ, ಕೂಡಲಿಲ್ಲ.
ಎಡಗೈ ಇಟ್ಟೆ. ಕೂಡಿತು.

ಹೋದ ವರ್ಷ ರಾಯಚೂರಿನವರು
ಹತ್ತೇ ನಿಮಿಷದಲ್ಲಿ ಅವಳನ್ನು ಓದಿ ಮುಗಿಸಿದ್ದರು.
“ಬಲಕ ಬಿಡಬ್ಯಾಡ್ರೇ, ಎಡಕ ಆಕಿಗೆ ದಾರಿನೇ ಗೊತ್ತಿಲ್ಲ”
ಅವರ ಬೆಂಚು ಕೂಗಿದ್ದು ನಮ್ಮ ಬೆಂಚಿಗೂ ಕೇಳಿತು.
ನಲವತ್ತೊಂದು, ನಲವತ್ತು.
ಕೊನೆಯ ಚೆಂಡು ಅವಳ ಕೈಯಲ್ಲಿ.
ಎಡಗಡೆ ಪೂರಾ ಖಾಲಿ,
ಮದುವೆ ಮುಗಿದ ಛತ್ರದಷ್ಟು ಖಾಲಿ.
ಅವಳು ಬಲಕ್ಕೇ ಹೋದಳು.
ಬಸ್ಸಿನಲ್ಲಿ ಯಾರೂ ಬೈಯಲಿಲ್ಲ. ಮಿರ್ಚಿ ಹಂಚಿಕೊಂಡೆವು.
ಅವಳ ಪಾಲಿನ ಎರಡು, ಕಾಗದದಲ್ಲೇ ತಣ್ಣಗಾದವು.

ಎರಡು ಸೀಸನ್ನುಗಳ ನಡುವೆ ಬಳ್ಳಾರಿಯಲ್ಲಿ
ಇರುವುದು ಬಿಸಿಲೊಂದೇ.
ಕೋಟೆಗುಡ್ಡದ ಬಂಡೆ ರಾತ್ರಿ ಹತ್ತಾದರೂ ರೊಟ್ಟಿ ಬೇಯಿಸುತ್ತದೆ,
ಸಿಮೆಂಟು ಕೋರ್ಟಿನಲ್ಲಿ ಬೂಟಿನ ಅಂಟು ಬಿಡುತ್ತದೆ.
ನಾನು ಸಿರುಗುಪ್ಪದ ಚಿಕ್ಕಮ್ಮನ ಮನೆಯಲ್ಲಿ
ಕೂಲರಿನ ಮುಂದೆ ಮಲಗಿ ಎರಡು ಬೆರಳು ಉದ್ದ ಬೆಳೆದೆ.
ಬಾಗಿಲಿಗೆ ಪೆನ್ಸಿಲ್ ಗೆರೆ ಎಳೆದು ಚಿಕ್ಕಪ್ಪ ಅಂದ,
“ಈ ಸಲ ಕಪ್ಪು ನಿಮ್ದೇ ಬಿಡು.”
ನಂಬಿದೆ.
ಬೆಳೆಯುವುದು ನಿದ್ದೆಯಲ್ಲೂ ಆಗುವ ಕೆಲಸ ಅಂದುಕೊಂಡಿದ್ದೆ.

ಅವಳು ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ದಾರದ ತುದಿ ಕತ್ತರಿಸುತ್ತಿದ್ದಳು. ದಿನಕ್ಕೆ ನಾನೂರು ಪ್ಯಾಂಟು.
ಕತ್ತರಿಯನ್ನು ಎಡಗೈಗೆ ಬದಲಿಸಿದ ವಾರ
ನೂರಿಪ್ಪತ್ತಕ್ಕೆ ಇಳಿಯಿತು, ಕೂಲಿಯೂ ಇಳಿಯಿತು.
ಮೇಸ್ತ್ರಿ ಎರ್ರಿಸ್ವಾಮಿ,
“ಏನವಾ, ಕೈಗೆ ಲಕ್ವ ಹೊಡದೈತೇನು?”
ಎಡಗೈಯಲ್ಲಿ ರೊಟ್ಟಿ ಮುರಿದದ್ದಕ್ಕೆ
ಅಜ್ಜಿ ಸೌಟಿನಿಂದ ಒಂದು ಬಿಟ್ಟಳು.
ಊಟವೊಂದನ್ನು ಬಲಕ್ಕೆ ಬಿಟ್ಟು ಉಳಿದದ್ದೆಲ್ಲ ಎಡಕ್ಕೆ,
ಕೊಡ, ಚಿಲಕ, ಪೊರಕೆ, ಬಸ್ಸಿನ ಕಂಬಿ.
ಸಂಜೆ ಯೂನಿಟ್ಟಿನ ಹಿಂದೆ
ನೀಲಿ ನೀರು ಹರಿಯುವ ಗಟಾರದ ಪಕ್ಕ
ಗೋಡೆಗೆ ಚೆಂಡು.
ರಿಂಗಿಲ್ಲ. ಸುಣ್ಣದಲ್ಲಿ ಬರೆದ ಒಂದು ಸೊನ್ನೆ.

ಇಷ್ಟನ್ನೂ ಅವಳಾಗಿ ಹೇಳಿದವಳಲ್ಲ.
ಕೇಳಿ ಕೇಳಿ ತೆಗೆದೆ,
ಒಣ ಹುಣಿಸೆಯಿಂದ ಬೀಜ ತೆಗೆದಂತೆ.

ಮೊದಲ ಪ್ರಾಕ್ಟೀಸು. ಅವಳನ್ನು ತಡೆಯುವ ಪಾಳಿ ನನ್ನದು.
ಅವಳು ಬಲಕ್ಕೆ ಒಂದು ಹೆಜ್ಜೆ ಇಟ್ಟಳು,
ನಾವೆಲ್ಲ ಹಳೆ ರೂಢಿಯಲ್ಲಿ ಬಲಕ್ಕೆ ಜರುಗಿದೆವು.
ಚೆಂಡು ಯಾವಾಗ ಕೈ ಬದಲಿಸಿತೋ.
ನನ್ನ ಹೊಸ ಎರಡು ಬೆರಳಿನ ಎತ್ತರ
ಗಾಳಿಯನ್ನು ಹಿಡಿದುಕೊಂಡು ಇಳಿಯಿತು.
ರಿಂಗಿಗೆ ಬಲೆಯಿಲ್ಲ ನಮ್ಮಲ್ಲಿ,
ಬಿದ್ದದ್ದಕ್ಕೆ ಸದ್ದೂ ಇರಲಿಲ್ಲ.
ಮೇಡಂ ಪಟ್ಟಿ ತೆಗೆದು ರಬ್ಬರಿನಲ್ಲಿ ಉಜ್ಜಿದರು.
ಐದನೇ ಸಾಲಿನಲ್ಲಿದ್ದ ನನ್ನ ಹೆಸರು
ಆರನೆಯದಕ್ಕೆ ಇಳಿಯಿತು.
ಪುಡಿಯನ್ನು ಊದಿ ಹಾರಿಸಿದರು.

ಸುಳ್ಳೇಕೆ, ಆ ರಾತ್ರಿ
ಅವಳ ಎಡಗೈ ಮುರಿಯಲಿ ಅಂತ ಒಂದು ಸಲ ಅಂದುಕೊಂಡೆ.
ಎರಡು ಸಲ.

ಈಗ ಐದೂವರೆಗೆ ಗೇಟಿನ ವನ್ನೂರ್ ಸಾಬಣ್ಣ
ಬೀಡಿ ಆರಿಸಿ ಬೀಗ ತೆಗೆಯುತ್ತಾನೆ.
ಅದೇ ಚೆಂಡು, ನೀಲಿ ಅರ್ಧ ಅಳಿಸಿದೆ.
ನಿನ್ನೆ ಎಡಗೈಯಲ್ಲಿ ನಲವತ್ತು ಎಸೆದು ಆರು ಬಿದ್ದವು.
ಇವತ್ತು ಐದು.
ಆರಕ್ಕೆ ಸುಂಕಿ ಬರುತ್ತಾಳೆ,
ನಮಸ್ಕಾರವಿಲ್ಲ, ನಗುವಿಲ್ಲ,
ರಿಂಗಿನ ಕೆಳಗೆ ನಿಂತು ಬಿದ್ದದ್ದನ್ನೂ ಬೀಳದ್ದನ್ನೂ ಹಿಡಿದು
ನನ್ನ ಎಡಕ್ಕೇ ಎಸೆಯುತ್ತಾಳೆ.
ಬಲಗೈ ಚಾಚಿದರೆ
ಚೆಂಡನ್ನು ಸೊಂಟಕ್ಕೆ ಇಟ್ಟುಕೊಂಡು
ಸುಮ್ಮನೆ ನಿಲ್ಲುತ್ತಾಳೆ.