ಮೂರು ಮಿಲಿಮೀಟರ್ ಬಾಯಿ

ಮೂವತ್ತೆಂಟು ಮೈಕ್ರೋ ಆಂಪಿಯರ್.
ಮೂರು ತಿಂಗಳಿಂದ ಮುಳ್ಳು ಅಲ್ಲೇ,
ಗೇಟು ಬಿದ್ದಾಗ ಕಂಟೋನ್ಮೆಂಟಿನಲ್ಲಿ ನಿಂತ ಆಟೋದ ಹಾಗೆ.

ಹೈಡ್ರೋಜನ್ ಹೆಚ್ಚಿಸಿದೆ.
ಒಳಗೆ ದಾಳಿಂಬೆ ಒಡೆದಂಥ ಬೆಳಕು,
ಗಾಜಿನ ಕಿಂಡಿಯಿಂದ ನೋಡಲು ಚಂದ.
ಕೊನೆಯ ಬಟ್ಟಲಿಗೆ ಬಿದ್ದದ್ದು ಮೂವತ್ತಾರು.
ಫಿಲಮೆಂಟಿಗೆ ಇನ್ನಷ್ಟು ಕರೆಂಟು ಕೊಟ್ಟೆ.
ಮೂವತ್ತನಾಲ್ಕು. ಆಮೇಲೆ ತಂತಿ ತುಂಡಾಗಿ
ಏಪ್ರಿಲ್ ಇಡೀ ಕತ್ತಲು.

ಬಳ್ಳಾರಿಯ ಏಪ್ರಿಲ್ ಅಂದರೆ ಗೊತ್ತಲ್ಲ:
ಪಂಪು ಎಣ್ಣೆ ಬೆವರುತ್ತದೆ, ನಾನು ಉಪ್ಪು,
ತಂಪು ನೀರಿನ ಪೈಪೂ ಬಿಸಿ.
ಅದಿರಿನ ಕೆಂಪು ಧೂಳು ಎರಡು ಬಾಗಿಲು ದಾಟಿ,
ಒದ್ದೆ ಬಟ್ಟೆ ತುರುಕಿದ ಸಂದಿಯನ್ನೂ ದಾಟಿ
ಲಾಗ್‌ಬುಕ್ಕಿನ ನಡುವೆ ಬಂದು ಕೂತಿರುತ್ತದೆ.
ಸೋರಿಕೆಗೂ ಧೂಳನ್ನೇ ಬೈದೆ.
ಸ್ಪಿರಿಟ್ ಚಿಮುಕಿಸುತ್ತ ಒಂದೊಂದೇ ಕೀಲು ತಡವಿದಾಗ
ಐದನೆಯದರಲ್ಲಿ ನಿರ್ವಾತದ ಮುಳ್ಳು ಬೆಚ್ಚಿತು.
ಬಿಚ್ಚಿದರೆ ರಬ್ಬರ್ ಉಂಗುರದ ಮೇಲೆ
ಒಂದು ಕೂದಲು. ಅರ್ಧ ಬಿಳಿ, ಅರ್ಧ ಮದರಂಗಿ.
ನನ್ನದೇ.

ಸೋರಿಕೆ ನಿಂತಿತು. ಕಿರಣ ನಲವತ್ತೊಂದು.

ಕೌಲ್ ಬಜಾರಿನ ಲೇಥ್ ಅಂಗಡಿಗೆ ಎಲೆಕ್ಟ್ರೋಡ್ ಒಯ್ದೆ.
ತೂತು ಮೂರು ಮಿಲಿಮೀಟರ್ ಇದೆ, ಐದು ಮಾಡಿ.
ಜೀನ್ಸ್ ಹೊಲಿಯುವ ಮಷಿನ್ನಿಗೆ ಯಾವುದೋ ಭಾಗ ಕಡೆಯುತ್ತಿದ್ದ
ಗಾದಿಲಿಂಗಪ್ಪ ಕಣ್ಣೆತ್ತಲಿಲ್ಲ. ಆಮೇಲೆ
ಬೆಳಕಿಗೆ ಹಿಡಿದು, ಅಂಚಿನ ಮೇಲೆ ಉಗುರು ಆಡಿಸಿ,
"ಬಾಯಿ ಅಗಲಾದ್ರ ಮಾತು ಚೊಲೊ ಆಗ್ತದೇನ್ರಿ ಮೇಡಂ?
ತುಟಿ ನೋಡ್ರಿ, ಸುಟ್ಟು ಸೊಟ್ಟಗಾಗೇದ."

ಸುಟ್ಟಿತ್ತು. ಹೊರಟದ್ದೆಲ್ಲ ಹೊಸ್ತಿಲಿಗೇ ಬಡಿದು ಬಡಿದು.
ಒಳಗಿನ ಪ್ಲಾಸ್ಮಾ ಕಿಕ್ಕಿರಿದು ಬಾಯಲ್ಲಿ ಉಬ್ಬಿ ನಿಂತರೆ
ಅಯಾನು ನೆಟ್ಟಗೆ ಹೋಗದು, ಚೆದುರುತ್ತದೆ.
ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ನಾನೇ ಎಳೆದ ಗೆರೆ ಅದು,
ಉಬ್ಬು, ತಗ್ಗು, ಬಾಣದ ಗುರುತು.
ಅವನ ಉಗುರಿನಡಿ ಈಗ ಕಂಡೆ.

ಅದೇ ಮೂರು. ಅಂಚನ್ನು ಮಾತ್ರ ಇಳಿಜಾರು ಮಾಡಿ
ಹಳೇ ಸೀರೆಯ ತುಂಡಿನಿಂದ ಮುಖ ಕಾಣುವ ಹಾಗೆ ಉಜ್ಜಿ ಕೊಟ್ಟ.
ನೂರೈವತ್ತು ರೂಪಾಯಿ. ರಸೀದಿ ಇಲ್ಲ.

ರಾತ್ರಿ ಹನ್ನೊಂದು. ಅನಿಲವನ್ನು ಅರ್ಧಕ್ಕಿಳಿಸಿದೆ.
ದಾಳಿಂಬೆ ಮಂಕಾಯಿತು, ಕಿಂಡಿಯಲ್ಲಿ ನೋಡಲು ಏನೂ ಇಲ್ಲ.
ಮುಳ್ಳು ಎದ್ದಿತು. ಅರವತ್ತು. ತೊಂಬತ್ತು.
ನೂರಾ ಹತ್ತರ ಹತ್ತಿರ ತುಸು ನಡುಗಿ
ನಿಂತಿತು

ಅನ್ನುವಷ್ಟರಲ್ಲಿ ಕರೆಂಟು ಹೋಯಿತು.
ಕತ್ತಲಲ್ಲಿ ಪಂಪು ತನ್ನಷ್ಟಕ್ಕೆ ಸುತ್ತುತ್ತ, ಸುತ್ತುತ್ತ, ದನಿ ಇಳಿಸಿತು.
ಮೊಬೈಲಿನ ಬೆಳಕಲ್ಲಿ ಲಾಗ್‌ಬುಕ್ಕಿನ ಧೂಳು ಊದಿ
೧೧೦ ಎಂದು ಬರೆದೆ.
ಕಾರಣದ ಕಾಲಮ್ಮಿನಲ್ಲಿ, ತುಟಿ.
ಹೊಡೆದುಹಾಕಲಿಲ್ಲ.