ನಳ ಬಂದ ದಿವಸ

ಹದಿನಾಲ್ಕನೇ ದಿವಸಕ್ಕ ನಳ ಬಂತು, ರಾತ್ರಿ ಎರಡೂವರಿಗೆ.
ಓಣಿ ತುಂಬ ಕೊಡದ ಸಪ್ಪಳ,
ಯಾರದೋ ಮೋಟರು ಗೊರ್ ಅಂತು.
ಬ್ಯಾರಲ್ಲು ಎರಡು, ಹಂಡೆ, ತಪೇಲಿ,
ಕಡೀಕ ಚಹಾದ ಲೋಟ ಸುದ್ದಾ ತುಂಬಿಸಿ
ಇದೊಂದು ಬಕೆಟ್ಟು ನಂದು ಅಂತ
ಬಚ್ಚಲ ಮೂಲಿಗೆ ಸರಿಸಿಟ್ಟೆ.

ಯಾರಿಗೂ ಹೇಳಿರಲಿಲ್ಲ.
ಹುಬ್ಬಳ್ಳಿ ದುರ್ಗದಬೈಲಿನಾಗ ತಗೊಂಡ ಪಾಕೀಟು
ಇಪ್ಪತ್ತು ದಿವಸ ಅಕ್ಕಿ ಡಬ್ಬಿಯೊಳಗ ಕುಂತಿತ್ತು.
ಮ್ಯಾಲ ಒಬ್ಬಾಕಿ ನಗತಿದ್ಲು,
ಆಕೀ ತಲಿ ನವಿಲಿನ ಕೊಳ್ಳಿನಂಗ.
ನನಗ ನಲವತ್ತೊಂದು.
ಔಷಧದ ಅಂಗಡ್ಯಾಗ ಕೌಂಟರಿನ ಹಿಂದ ನಿಲ್ಲತೀನಿ.
ದಿನಕ್ಕ ಇನ್ನೂರು ಮಂದಿ ಬರತಾರ,
ಚೀಟಿ ನೋಡತಾರ, ಗುಳಗಿ ನೋಡತಾರ, ಚಿಲ್ಲರ ಎಣಸತಾರ.
ಹನ್ನೊಂದು ವರ್ಷ.
ನನ್ನ ಮಾರಿ ಹೆಂಗೈತಿ ಅಂತ ಕೇಳಿದ್ರ
ಒಬ್ಬರಿಗೂ ಹೇಳಾಕ ಬರೂದಿಲ್ಲ.

ಅದಕ್ಕ ಹಚ್ಚಿಕೊಂಡ್ಯಾ ಅಂದ್ರ, ಅದಕ್ಕಲ್ಲ.
ನೋಡಿದೆ, ಬೇಕನಸ್ತು, ತಗೊಂಡೆ.
ಎಲ್ಲಾದಕ್ಕೂ ಕಾರಣ ಹೇಳಾಕ
ನಾ ಏನು ಕೋರ್ಟಿನಾಗ ನಿಂತೀನೇನು.

ಹರಕು ನೈಟಿ, ಅಂಗಡಿಯಿಂದ ತಂದ ಗ್ಲೌಸು,
ಹಲ್ಲುಜ್ಜೂ ಹಳೇ ಬ್ರಷ್ಷು, ಒಡಕು ಪಿಂಗಾಣಿ ಬಟ್ಟಲ.
ಮೊದಲು ಬಿಳಿ ಪುಡಿ. ಕಲಸಿದ್ರ ಕಣ್ಣಾಗ ನೀರು,
ನೆತ್ತಿ ಚುರುಚುರು.
ನಲವತ್ತು ನಿಮಿಷ ಬಿಟ್ಟು ಕನ್ನಡಿ ನೋಡಿದ್ರ
ಗೊಂಜಾಳ ತೆನಿಗೆ ಮೀಸಿ ಬಂದಂಗ.
ನಕ್ಕೆ. ಆಮ್ಯಾಲ ಅಂಜಿಕಿ ಬಂತು:
ಹಿಂದಕ್ಕ ಕೈ ಮುಟ್ಟವಲ್ದು.
ಮುಂದ ಹಳದಿ, ಹಿಂದ ಕರಿ,
ದುಡ್ಡು ಮುಗದು ಅರ್ಧಕ್ಕ ಬಿಟ್ಟ ಗ್ವಾಡಿ.

ದೊಡ್ಡವ್ವ ಬಾಗಲಾ ಬಡದ್ಲು.
"ಹೈಡ್ರೋಸ್ ವಾಸನಿ ಎಲ್ಲಿಂದ ಬರಾಕತ್ತೈತಿ ಬೇ?"

ಮೂವತ್ತು ವರ್ಷ ಬೆಟಗೇರಿ ಬಣ್ಣದ ಮನ್ಯಾಗ
ನೂಲಿನ ಲಡಿ ಅದ್ದಿದಾಕಿ.
ಆ ಶೆಡ್ಡಿನಾಗ ಈಗ ಸಿಮೆಂಟಿನ ಚೀಲ.
ಮೂಗಿಗೆ ಇನ್ನೂ ನೆನಪೈತಿ.
ಚಿಲಕ ತಗದೆ, ಬೈತಾಳ ಅನಕೊಂಡು.
ಆಕಿ ನನ್ನ ಮಾರಿ ನೋಡಲೇ ಇಲ್ಲ.
ಒಂದು ಎಳಿ ಎತ್ತಿ ಬಲ್ಬಿಗೆ ಹಿಡದ್ಲು,
ಎರಡು ಬಟ್ಟಿನಾಗ ತಿಕ್ಕಿದ್ಲು.
"ಎಣ್ಣಿ ಹೋಗಿಲ್ಲ. ಎಣ್ಣಿ ಇದ್ದ ನೂಲಿಗೆ
ಎಂದರ ಬಣ್ಣ ಹತ್ತತೈತೇನು? ಕುಂದ್ರು."

ಉಳದ ಪುಡಿ ಹಿಂದ ಹಚ್ಚಿದ್ಲು, ಸೋಪು ಹಾಕಿ ತೊಳದ್ಲು.
ಗ್ಲೌಸು ಕೊಟ್ರ ಬ್ಯಾಡಂದ್ಲು.
ನನ್ನ ತಲಿ ಆಕೀ ಮೊಣಕಾಲ ನಡುವ;
ಕೂದಲ ಪಾಲ ಪಾಲ ಮಾಡಿ
ಅದ್ದಿ, ಹಿಂಡಿ, ಮಗ್ಗಲ ಬದಲಿಸಿ, ಮತ್ತ ಅದ್ದಿ.
"ಇದಕ್ಕ ನಾವು ಆನಂದ ಅಂತಿದ್ವಿ.
ಒಂದು ಚಿಟಿಕಿ ಹಳದಿ ಬಿತ್ತಂದ್ರ ರಾಮಾ ಹಸರು.
ಮಾಸ್ತರ ಬಯ್ಯೂದು ಅದಕ್ಕ."
ಸ್ವಲ್ಪ ಹೊತ್ತು ಬಿಟ್ಟು:
"ಒಂದು ಲಗ್ನದಾಗ ಊಟಕ್ಕ ಕುಂತಿದ್ದೆ,
ನನ್ನ ಕೈ ನೋಡಿ ಮಗ್ಗಲದಾಕಿ ಎದ್ದು ಹೋದ್ಲು.
ನೀಲಿ ಕೈಲೇ ಹೋಳಗಿ ತಿಂದೆ.
ಭಾಳ ರುಚಿ ಇತ್ತು ಅವತ್ತಿನ ಹೋಳಗಿ."

ತೊಳಿಯೂ ಹೊತ್ತಿಗೆ ನಳ ಹೋಗಿತ್ತು,
ನನ್ನ ಬಕೆಟ್ಟೂ ಮುಗದಿತ್ತು.
ಒಂದು ಚರಿಗಿ, ಇನ್ನೊಂದು ಚರಿಗಿ,
ಕುಡಿಯೂ ಹಂಡೇಕ್ಕೂ ಕೈ ಹಾಕಿದ್ಲು.
"ತಿಳಿ ನೀರು ಬರೂತನಕ ತೊಳೀಬೇಕು,
ಇಲ್ಲಾಂದ್ರ ಮಂದಿ ಅರಿವಿಗೆ ಹತ್ತತೈತಿ."
ಬಚ್ಚಲದಿಂದ ಗಟಾರಕ್ಕ, ಗಟಾರದಿಂದ ಓಣಿಗುಂಟ
ಆನಂದ ಹರೀತು.
ಕಡೀ ಹನಿಗೆ ಕೊಡ ಹಿಡದು ನಿಂತಿದ್ದ ಗೌರಕ್ಕ
ಸೀರಿ ಎತ್ತಿಕೊಂಡು ಸರದ್ಲು:
"ರಂಗಪಂಚಮಿ ಆಗಿ ಎರಡು ತಿಂಗಳಾತಲ್ಲ ಬೇ!"

ಛತ್ತಿನ ಮ್ಯಾಲ ಕೂದಲ ಹರವಿ ಕುಂತೆ.
ಬಿಸಲಿಗೆ ಒಂದೊಂದು ಎಳಿ ಒಂದೊಂದು ನಮೂನಿ.
ಎಡಗಿವಿ ಹಿಂದ ಒಂದು ಕಡೆ ಹತ್ತೇ ಇಲ್ಲ,
ಕೊಳ್ಳಿನ ಮ್ಯಾಲ ಕಲಿ.

ಹತ್ತಕ್ಕ ಅಂಗಡಿ.
ಮೊದಲ ಬಂದಾವ ರೋಣದ ಮುದುಕ,
ಚೀಟಿ ಚಾಚಿದಾವ ತಲಿ ಎತ್ತಿದ.
"ಏನವ್ವಾ..." ಅಂದ. ಮುಂದ ಮಾತು ಸಿಗಲಿಲ್ಲ.
"...ಸಕ್ಕರಿ ಗುಳಗಿ ಕೊಡವಾ."
ಹೋಗೂಮುಂದ ಹೊಳ್ಳಿ ನೋಡಿ ಮೆಟ್ಟಲ ತಪ್ಪಿದ.

ರಾತ್ರಿ ದೊಡ್ಡವ್ವ ರೊಟ್ಟಿ ಬಡಿಯಾಕ ಕುಂತ್ಲು.
ಉಗುರಿನ ಸಂದ್ಯಾಗ ಇನ್ನೂ ಐತಿ, ತಿಕ್ಕಿಲ್ಲ.
ಹಿಟ್ಟಿಗೆ ಹತ್ತೀತು ಅಂದೆ.
"ಹತ್ತೂದಿಲ್ಲ ತಗೋ," ಅಂದ್ಲು, ರೊಟ್ಟಿ ತಿರುವಿ.

ಹಂಡೆ ಅರ್ಧ ಐತಿ.
ಇನ್ನ ಹದಿಮೂರು ದಿವಸ.