ಹಿಗ್ಗಿದ ಅಳತಿ

ನಮ್ಮ ಕೆಲಸದಾಗ ಒಂದು ಸುಳ್ಳು ಸ್ಕೇಲ್ ಇರತೈತಿ.
ಉದ್ಯಮಬಾಗದ ಯಾವ ಫೌಂಡ್ರಿಯೊಳಗರ ಕೇಳ್ರಿ.
ಕಾದ ಬೀಡು ಆರಿದಮ್ಯಾಲ ಕುಗ್ಗತೈತಿ,
ಅದಕ್ಕ ಕಟಗಿ ಪ್ಯಾಟರ್ನು ಒಂದು ಕೂದಲೆಳಿ ದೊಡ್ಡದು ಕೆತ್ತಬೇಕು.
ಆ ಸ್ಕೇಲಿನ ಮ್ಯಾಲ ನೂರಂತ ಬರದದ್ದು
ಖರೆ ಅಂದ್ರ ನೂರಾ ಒಂದು.
ಇಪ್ಪತ್ತಾರು ವರ್ಷ ಅದನ್ನ ಕಿಸೆದಾಗ ಇಟಗೊಂಡು ತಿರಗೀನಿ.

ನನ್ನ ಪೆಗ್ಗೂ ಅದರಲೇ ಅಳದೀನಿ ಅಂತ ಗೊತ್ತಾಗಾಕ
ನಲವತ್ತೊಂಬತ್ತು ಆಗಬೇಕಾತು.

ಶನಿವಾರ ಅಷ್ಟ ಅಂದಿದ್ದೆ.
ಶನಿವಾರ ಹಿಗ್ಗಿ ಶುಕ್ರವಾರದ ಬಾಗಲಾ ಬಡೀತು.
ಬರೇ ಬಿಯರ್ ಅಂದಿದ್ದೆ.
ಯಲ್ಲೋಜಿ ಚೋರ್ಲಾ ಘಾಟಿನ ಮ್ಯಾಲಿಂದ
ಸ್ಟೆಪ್ನಿಯೊಳಗ ಮುಚ್ಚಿ ತಂದದ್ದು ಬ್ಯಾರೆ:
"ಗೋವಾದ್ದೋ ಮಾರಾಯಾ, ಲೆಕ್ಕಕ್ಕ ಬರೂದಿಲ್ಲ."
ಇಬ್ಬರೂ ನಕ್ಕಿದ್ವಿ.

ಬಿಟ್ಟದ್ದು ಡಾಕ್ಟರ್ ಹೇಳಿದ್ದಕ್ಕಲ್ಲ.
ಲಿವರಿನ ಚೀಟಿ ಇನ್ನೂ ಟೂಲ್ ಬಾಕ್ಸಿನಾಗ
ಉಪ್ಪಕಾಗದದ ಕೆಳಗ ಬಿದ್ದೈತಿ.
ಬಿಟ್ಟದ್ದು ಒಂದು ಮಾತಿಗೆ, ಅದೂ ನನಗ ಆಡಿದ್ದಲ್ಲ.
ಊರಿಂದ ಬಂದ ತಂಗಿ ರಾತ್ರಿ ಉಣ್ಣೂಮುಂದ
ಅಪ್ಪನ ಮನಿ ವಾಟಣಿ ಸುದ್ದಿ ತಗದ್ಳು.
ನೀಲಗಂಗಾ ಕಣ್ಣಸನ್ನಿ ಮಾಡಿದ್ಳು:
"ಅವರಿಗೆ ಮುಂಜಾನೆ ಹೇಳೂಣು."

ಮುಂಜಾನೆ.
ಆಮ್ಯಾಲ ಕುಂತು ಒಂದೊಂದ ನೆನಸಿದೆ.
ಮಗನ ಫೀ, ಆಕಿ ಗಂಟಲದಾಗಿನ ಗಂಟು,
ಮಾವ ರಾತ್ರಿ ಹತ್ತಕ್ಕ ತೀರಿಕೊಂಡದ್ದು,
ಎಲ್ಲಾ ನನಗ ಗೊತ್ತಾದದ್ದು ಹಲ್ಲು ತಿಕ್ಕೂಮುಂದ.
ಹದಿನೇಳು ವರ್ಷ ಸಂಜಿಮುಂದ ಆಕಿ
"ಚಟ್ನಿ ಹಾಕಲೇನು" ಅಷ್ಟ ಅಂದಾಳ.
ಕಡಿಮಿ ಮಾತಿನಾಕಿ ಅಂತ ತಿಳಕೊಂಡಿದ್ದೆ.

ಬಿಟ್ಟಮ್ಯಾಲ ಯಾವ ಬೆಳಕೂ ಬೀಳಲಿಲ್ಲ.
ಸಂಜಿ ಉದ್ದ ಆತು, ಅಷ್ಟ.
ಆರೂವರಿಗೆ ಎರಡನೇ ಗೇಟ್ ಬಿದ್ದಿರತೈತಿ.
ಮಿರಜ ಕಡೆ ಹೋಗೂ ಗೂಡ್ಸಿನ ಡಬ್ಬಿ ಎಣಸತೀನಿ,
ನಲವತ್ತೊಂದು, ನಲವತ್ತೆರಡು,
ಎಡಕ್ಕ ಬಾರಿನ ಹಸರ ಬಲ್ಬು,
ಒಳಗ ಯಾರೋ ನಗತಾರ, ಆ ನಗಿ ನನ್ನ ಗುರುತಿಂದು.
ನಾಲಿಗಿ ಹುಚ್ಚರಂಗ ಸಕ್ಕರಿ ಬೇಡತೈತಿ.
ಕ್ಯಾಂಪಿಗೆ ಹೋಗಿ ಕಾಲ ಕೆಜಿ ಕುಂದಾ ಕಟ್ಟಿಸಿ
ಸ್ಕೂಟರ್ ಮ್ಯಾಲ ಕುಂತು ಬೆರಳಲೆ ತಿಂದೀನಿ,
ಸಾಲಿ ತಪ್ಪಿಸಿದ ಹುಡಗನಂಗ.
ರಾತ್ರಿ ಮೂರಕ್ಕ ಎಚ್ಚರ.
ಐದಕ್ಕ ರಂಗರೂಟರ ಬೂಟಿನ ಸಪ್ಪಳ.
ನಡುವಿನ ಎರಡು ತಾಸು ಯಾರ ಹೆಸರಿಗೆ ಬರೀಲಿ?

ಅಂಗಿ ಕಾಲರು ಸಡಲ ಆಗೇತಿ.
"ಏನ ಬಡಿಗೇರ, ಭಾಳ ಇಳದೀಯಲ್ಲ" ಅಂತಾನ ಭಟ್ಟಿ ಮೇಸ್ತ್ರಿ.
ಆರಾಕತ್ತೀನಿ, ಅಂದೆ.
ಅವಗ ತಿಳೀತು. ಬೀಡು ಕಂಡಾಂವ.

ಯಲ್ಲೋಜಿ ಮೊದಮೊದಲ ಫೋನ್ ಮಾಡತಿದ್ದ.
ನಾನೂ ಎತ್ತಿ ಏನ ಮಾತಾಡಲಿ,
ಗ್ಲಾಸಿನ ಹೊರಗ ನಮ್ಮಿಬ್ಬರಿಗೆ ಪರಿಚಯ ಇರಲಿಲ್ಲ.

ಬಿಟ್ಟೀನಿ ಅಂತ ಹೇಳೂದಿಲ್ಲ.
ಅರವತ್ತಮೂರು ದಿನ ಆತು,
ಸಾದಾ ಸ್ಕೇಲಿನ ಮ್ಯಾಲ.

ನಿನ್ನೆ ರಾತ್ರಿ ಒಂಬತ್ತೂವರಿ.
ಪಾತ್ರೆ ಬೋರಲ ಹಾಕಿ, ಸೆರಗಿಗೆ ಕೈ ಒರಸಿಕೊಂತ
ನೀಲಗಂಗಾ ಬಂದು ಎದುರಿಗೆ ಕುಂತ್ಳು.
ಟಿ.ವಿ. ಸಪ್ಪಳ ಇಳಿಸಿದ್ಳು.
"ಸೊಸಾಯಟಿಯೊಳಗ ನನ್ನ ಹೆಸರಲೆ
ಎಪ್ಪತ್ತೊಂದು ಸಾವಿರ ಅದಾವು.
ನಿಮಗ ಹೇಳಿರಲಿಲ್ಲ."

ಗ್ವಾಡಿ ಮ್ಯಾಲಿನ ಗಡಿಯಾರ ನೋಡಿದೆ.
ಆಕಿ ಮಾರಿ ನೋಡಿದೆ.
ಹೂಂ, ಅಂದೆ.
ಪಾಸ್‌ಬುಕ್ ಹಿಡದ ನನ್ನ ಕೈ
ಇನ್ನೂ ಸಣ್ಣಗ ನಡಗತಿತ್ತು.
ಆಕಿ ಅದನ್ನ ನೋಡಿದ್ಳು.
ನೋಡಿಯೂ ಪುಸ್ತಕ ವಾಪಸ್ ಇಸಗೊಳ್ಳಲಿಲ್ಲ.